ಕಹಿಯ ನಂತರದ ಬಟ್ಟಲು

ಸೋಲೊ ಊರಿನ ವಿಶ್ವವಿದ್ಯಾಲಯದ ಗೇಟಿನ ಬಳಿ ವರ್ಸಿನಿ ಬೆನ್ನಿನ ಬುಟ್ಟಿ ಇಳಿಸಿದಳೆಂದರೆ ಬೆಳಗಾಯಿತೆಂದೇ ಅರ್ಥ. ಬುಟ್ಟಿಯ ತುಂಬ ಜಾಮು ಕಷಾಯದ ಬಾಟಲಿಗಳು: ಅರಿಶಿನ-ಹುಣಸೆಯದು, ಶುಂಠಿಯದು, ನೆಲಬೇವಿನ ಕಡುಕಹಿ. ಕಹಿ ಕುಡಿದವರಿಗೆ ಕೊನೆಗೊಂದು ಬಟ್ಟಲು ಬೆಲ್ಲದ ಸಿಹಿ ಜಾಮು ಸುಮ್ಮನೆ ಕೊಡುವುದು ಪದ್ಧತಿ.

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡುವ ಹಂಡಾಕ ದಿನವೂ ಕಹಿ ಕುಡಿಯುತ್ತಿದ್ದ. ಸಿಹಿ ಮಾತ್ರ ಮುಟ್ಟುತ್ತಿರಲಿಲ್ಲ.

"ಬೆಲ್ಲದಲ್ಲಿ ವಿಷ ಹಾಕಿದೀನಾ, ಪಾಕ್?" ನಲವತ್ತು ದಾಟಿದ ವಿಧವೆ ವರ್ಸಿನಿ ಕೆಣಕುವಳು. ಆ ಊರಲ್ಲಿ ಗಂಡಸರಿಗೆ 'ಪಾಕ್', ಹೆಂಗಸರಿಗೆ 'ಬು' ಎಂದು ಸೇರಿಸಿ ಕರೆಯುವುದು ಮರ್ಯಾದೆ. ಅವನು ನಕ್ಕು ಹೋಗುವನು. ಆ ನಗೆ ಮಧ್ಯಾಹ್ನದವರೆಗೂ ಅವಳ ಜೊತೆ ಬೀದಿ ಸುತ್ತುತ್ತಿತ್ತು.

ಒಂದು ದಿನ, ಎದೆಯಲ್ಲಿ ಗಂಟು ಕಂಡ ಹೆಂಗಸೊಬ್ಬಳು ಬಂದಳು. ವರ್ಸಿನಿ ಅರಿಶಿನದ ಬಟ್ಟಲು ನೀಡಿ, "ನಲವತ್ತು ದಿನ ಕುಡಿ ತಾಯಿ, ಕರಗಿಹೋಗುತ್ತೆ. ಆಸ್ಪತ್ರೆ ಯಾಕೆ?" ಎಂದಳು.

"ಹಾಗೆ ಹೇಳಬೇಡಿ," ಎಂದ ಹಂಡಾಕ, ಎಲ್ಲರೆದುರು.

ವರ್ಸಿನಿಯ ಮುಖ ಕೆಂಪಾಯಿತು. "ನೀವು ಇದೇ ಅರಿಶಿನಾನ ಗಾಜಿನ ತಟ್ಟೇಲಿಟ್ಟು ನೋಡೋದಲ್ವಾ? ನೀವು ನೋಡಿದ್ರೆ ವಿದ್ಯೆ, ನಾನು ಕೊಟ್ರೆ ಸುಳ್ಳಾ?"

ಮರುದಿನದಿಂದ ಅವಳು ಹಿಂದಿನ ಗೇಟಿನಲ್ಲಿ ಕುಳಿತಳು. ಮೂರು ದಿನ ಕಣ್ಣು ಮಾತ್ರ ಮುಂದಿನ ಗೇಟಿನ ದಾರಿಯಲ್ಲೇ ಇತ್ತು. ನಾಲ್ಕನೆಯ ದಿನ ಹಂಡಾಕ ಹುಡುಕಿಕೊಂಡು ಬಂದು ಬುಟ್ಟಿಯ ಪಕ್ಕ ನೆಲದ ಮೇಲೇ ಕುಳಿತ.

"ಸುಳ್ಳಲ್ಲ, ಬು ವರ್ಸಿನಿ. ದೇವರು ನಮ್ಮ ಮೈಯೊಳಗೆ ನಮ್ಮನ್ನ ಕಾಯೋ ದೀಪಗಳನ್ನ, ಅಂದ್ರೆ ಜೀನುಗಳನ್ನ, ಇಟ್ಟು ಕಳಿಸಿರ್ತಾನೆ. ವಯಸ್ಸು, ಹೊಗೆ, ಏನೇನೋ ಸೇರಿ ಬತ್ತಿ ತಗ್ಗಿದ್ರೆ ಕ್ಯಾನ್ಸರ್ ನುಗ್ಗುತ್ತೆ. ಅರಿಶಿನದ ಸಾರ, ಹಸಿರು ಚಹಾದ ಸಾರ ಆ ಬತ್ತಿನ ಮತ್ತೆ ಏರಿಸಬಹುದು ಅಂತ ತಟ್ಟೇಲಿ ಕಾಣುತ್ತೆ. ದೀಪ ಬದಲಾಗಲ್ಲ, ಬತ್ತಿ ಮಾತ್ರ. ಮನುಷ್ಯರಲ್ಲೂ ಹಾಗೇ ಆಗುತ್ತಾ, ಇನ್ನೂ ಗೊತ್ತಿಲ್ಲ. ಆದರೂ ಬರದಂತೆ ತಡೆಯೋದು ಬೇರೆ, ಬಂದ ಗಂಟು ಕರಗಿಸೋದು ಬೇರೆ."

ಅವನ ದನಿ ತಗ್ಗಿತು. "ನನ್ನ ಹೆಂಡತಿ ನನ್ನ ಅರೆಬರೆ ಮಾತು ನಂಬಿ ಏಳು ತಿಂಗಳು ಅರಿಶಿನ ಕುಡಿದಳು. ಆಸ್ಪತ್ರೆಗೆ ಹೋಗೋಷ್ಟರಲ್ಲಿ ಹೊತ್ತು ಮೀರಿತ್ತು. ಅವಳು ಹೋಗಿ ಸಾವಿರ ದಿನ ತುಂಬಿ, ಆ ದಿನದ ಪ್ರಾರ್ಥನೆ ಆಗೋವರೆಗೆ ಸಿಹಿ ಬೇಡ ಅಂದ್ಕೊಂಡೆ."

ವರ್ಸಿನಿ ಸತ್ತವಳಿಗಾಗಿ ಮನಸ್ಸಿನಲ್ಲೇ ಪ್ರಾರ್ಥಿಸಿದಳು. ಆಮೇಲೆ ಕಹಿಯ ಬಟ್ಟಲು ಅವನ ಮುಂದಿಟ್ಟಳು.

"ಆ ಹೆಂಗಸಿನ ಮನೆ ಗೊತ್ತು ನಂಗೆ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಅಂದಿನಿಂದ ಅವಳು ಯಾರಿಗೂ ಕರಗುತ್ತದೆ ಎನ್ನಲಿಲ್ಲ. ಸಿಹಿಯ ಬಟ್ಟಲನ್ನು ದಿನವೂ ತೊಳೆದು ಅವನೆದುರು ಬೋರಲಿಡುವಳು, ಬೇಕೇ ಎಂದು ಕೇಳುತ್ತಿರಲಿಲ್ಲ. ಸಾವಿರ ತುಂಬಿದ ಮೇಲೂ ಅವನು ಬೇಡವೆಂದರೆ? ಆ ಭಯ ಅವಳೊಬ್ಬಳದೇ ಆಗಿತ್ತು.

ಮಳೆಗಾಲ ಮುಗಿಯಿತು. ಒಂದು ಬೆಳಿಗ್ಗೆ ಹಂಡಾಕ ಪ್ರಾರ್ಥನೆಯ ಅನ್ನದ ಪೊಟ್ಟಣ ತಂದು ಅವಳ ಕೈಗಿತ್ತ. "ನಿನ್ನೆ ಸಾವಿರ ತುಂಬಿತು."

ಕಹಿ ಕುಡಿದ. ಎದ್ದು ಹೋಗಲಿಲ್ಲ. ಬೋರಲಿಟ್ಟ ಬಟ್ಟಲನ್ನು ತಾನೇ ನೆಟ್ಟಗೆ ಮಾಡಿ ಮುಂದೆ ಚಾಚಿದ. ಅವಳು ಅಂಚು ಮೀರಿ ಸುರಿದು, ಸಿಹಿ ಅವನ ಬೆರಳ ಮೇಲೆ ತುಳುಕಿತು. ಅವನು ಅದನ್ನು ಕುಡಿದು ಮುಗಿಸಿದ.

"ದಿನಾ ಕೊಡ್ತೀರಾ?"

"ಪದ್ಧತಿ ಅಲ್ವಾ," ಎಂದಳು, ತಲೆಯೆತ್ತದೆ.

"ಪದ್ಧತಿ ಗೇಟಿನ ಹತ್ರ. ನಾನು ಕೇಳ್ತಿರೋದು ಮನೇಲಿ."

ವರ್ಸಿನಿ ಖಾಲಿ ಬಟ್ಟಲು ತೆಗೆದುಕೊಂಡು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು.

"ಮನೇಲಾದ್ರೆ," ಎಂದಳು ಕೊನೆಗೆ, "ಬಟ್ಟಲು ನೀವು ತೊಳೀಬೇಕು, ಪಾಕ್."