ಬ್ಯಾರನ್ ಒಳಗಿನ ಮಾತು

ನಮ್ಮ ಅವ್ವನಿಗೆ ಕಿವಿ ಕೇಳುವುದಿಲ್ಲ. ಆಡಿದ ಮಾತನ್ನು ಕನ್ನಡದಲ್ಲೇ ಬರೆದು ತೋರಿಸುವ ಸೌಲಭ್ಯ ಫೋನಿನಲ್ಲಿ ಬಂದಿದೆ ಎಂದು ತಿಳಿದು, ಅವಳ ಫೋನಿಗೆ ಅದನ್ನು ಹಾಕಿಕೊಟ್ಟಿದ್ದೆ. ಅವತ್ತು ಮಧ್ಯಾಹ್ನ ಬೆಟ್ಟದಪುರದ ನಮ್ಮ ಹೊಲದಲ್ಲಿ, ಹೊಗೆಸೊಪ್ಪು ನೇತುಹಾಕಿ ಬೇಯಿಸುವ ಮುಚ್ಚಿದ ಕೋಣೆಯಾದ ಬ್ಯಾರನ್ನಿನ ಹೊರಗಿನ ಒಲೆಗೆ ಇಬ್ಬರೂ ಸೌದೆ ಹಾಕುತ್ತಾ ಕೂತಿದ್ದೆವು. ನಾನು ಬಾಯಿ ಬಿಟ್ಟಿರಲಿಲ್ಲ.

"ಬೆಂಕಿ ಮುಂದೆ ಕೂತ್ಕಂಡು ಚಳಿ ಅಂತೀಯಲ್ಲ, ಜ್ವರ ಬಂದದೇನ್ಲಾ?" ಅಂದಳು ಅವ್ವ, ಫೋನು ನೋಡಿ.

ಅವಳ ಫೋನು ನೋಡಿದೆ. "ಚಳಿ ಆಯ್ತದೆ, ಬಾಗಿಲು ತೆಗಿ" ಎಂದಿತ್ತು.

ಗಾಳಿ ಸದ್ದಿಗೆ ಏನೋ ಬರೆದಿರಬೇಕೆಂದು ಅಳಿಸಿದೆ. ಫೋನನ್ನು ಬ್ಯಾರನ್ ಗೋಡೆಗೆ ಹಿಡಿದರೆ ಮತ್ತೆ ಅದೇ ಮಾತು ಮೂಡಿತು. ಬೆಳಿಗ್ಗೆ ಒಳಗೆ ಸೊಪ್ಪು ಏರಿಸಿದವರಲ್ಲಿ ಯಾರನ್ನಾದರೂ ಬಿಟ್ಟು ಬೀಗ ಹಾಕಿದೆವಾ? ಆಳು ಚಿಕ್ಕಣ್ಣನಿಗೆ ನನ್ನ ಫೋನಿನಿಂದ ಕರೆ ಮಾಡಿದೆ.

"ಮನೇಲಿ ಉಣ್ತಾ ಇವ್ನಿ ಕಣಪ್ಪ. ಉಳಿದೋರೂ ಇಲ್ಲೇ ಅವ್ರೆ, ಯಾಕೆ?"

ಕಾವೇರಿದ ಬ್ಯಾರನ್ನಿನ ಬಾಗಿಲು ತೆಗೆದರೆ ಅಷ್ಟೂ ಸೊಪ್ಪು ಕೆಡಬಹುದು. ನಾನು ಬೀಗದ ಕೈ ಹಿಡಿದು ನಿಂತೇ ಇದ್ದೆ.

"ಸೊಪ್ಪು ಹೋದ್ರೆ ಹೋಗ್ಲಿ ಬುಡು, ಒಳಗೆ ಯಾರಾದ್ರೂ ಇದ್ರೆ? ತೆಗಿಲಾ" ಅಂದಳು ಅವ್ವ.

ತೆಗೆದೆ. ಮುಖಕ್ಕೆ ಬಿಸಿ ರಾಚಿತು. ಟಾರ್ಚ್ ಹಾಕಿ ಮೂಲೆಮೂಲೆ ನೋಡಿದೆ. ತೂಗುಬಿಟ್ಟ ಸೊಪ್ಪು ಬಿಟ್ಟರೆ ಯಾರೂ ಇರಲಿಲ್ಲ. ಹಿಂದಿನಿಂದ ಅವ್ವ ಫೋನು ಚಾಚಿದಳು.

"ಸಾಕು, ಈಗ ಬಾಗಿಲು ಹಾಕು" ಎಂದು ಬರೆದಿತ್ತು.

ಹಾಕಿದೆ. ಆಮೇಲೆ ಫೋನು ಏನೂ ಬರೆಯಲಿಲ್ಲ. ಮತ್ತೆ ಒಲೆ ಮುಂದೆ ಕೂತಾಗ ಅವ್ವ ನಮ್ಮಿಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಳು.