ಊದಬಾರದ ನಳಿಗೆ

"ಬೇರೆ ಏನು ಬೇಕಾದ್ರೂ ಮಾಡಿ ಮೇಸ್ತ್ರಿ. ಬಡೀರಿ, ಕೊರೀರಿ, ಬೇಕಿದ್ರೆ ಗರಗಸ ಹಾಕಿ ಎರಡು ತುಂಡು ಮಾಡಿ. ಬಾಯಿಟ್ಟು ಮಾತ್ರ ಊದಬೇಡಿ."

ಇಷ್ಟು ಹೇಳಿ, ಕ್ಲಬ್ಬಿನ ಉಗ್ರಾಣ ನೋಡಿಕೊಳ್ಳುವ ಸ್ಟೋರಿನಮ್ಮ, ಮೇಸ್ತ್ರಿ ಕೇಳಿದ್ದ ನಳಿಗೆ ಕಟ್ಟಿದ ರೈಫಲ್ಲನ್ನು ಮೇಜಿನ ಮೇಲಿಟ್ಟಳು. ಇಟ್ಟವಳು ತಣ್ಣನೆಯ ಹಾವು ಮುಟ್ಟಿ ಬಂದವಳ ಹಾಗೆ ಎರಡೂ ಅಂಗೈಗಳನ್ನು ಬಟ್ಟೆಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು.

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಶೂಟಿಂಗ್ ಕ್ಲಬ್ಬಿನ ಈ ರಿಪೇರಿ ಕೋಣೆಗೆ ಅವನು ಬಂದು ಸೇರಿ ಹನ್ನೆರಡು ದಿನವಾಗಿತ್ತಷ್ಟೇ. ಆದರೆ ಬಂದೂಕು ಬಿಚ್ಚಿ ಕೂಡಿಸುವ ಕಸುಬಿನಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದ. ನೆಲಮಾಳಿಗೆಯ ಕೋಣೆ. ಕಿಟಕಿಯಿಲ್ಲ. ಇರುವುದೊಂದೇ ಕಬ್ಬಿಣದ ಬಾಗಿಲು. ಗ್ರೀಸಿನ, ಸುಟ್ಟ ಮದ್ದಿನ, ಕಮಟು ಹಿಡಿದ ಚಿಂದಿಯ ವಾಸನೆ ಗೋಡೆಯ ಸುಣ್ಣದೊಳಕ್ಕೇ ಇಳಿದುಹೋಗಿತ್ತು.

"ಇದಕ್ಕೆ ನಿಮ್ಮಲ್ಲಿ ಮಾಟ ಅಂತೀರಾ ಅಮ್ಮಾ? ನಮ್ಮ ಕಸುಬಲ್ಲಿ ತುಕ್ಕು ಅಂತೀವಿ."

ಸ್ಟೋರಿನಮ್ಮ ನಗಲಿಲ್ಲ. "ಆರು ವರ್ಷದ ಹಿಂದೆ ಇಲ್ಲಿದ್ದ ಮೇಸ್ತ್ರೀನೂ ಬಾಯಿಮಾತಲ್ಲಿ ಜೋರೇ. ಒಬ್ಬ ಶೂಟರ್ ಕೈಗೆ ಬಂದೂಕು ಕೊಟ್ಟು, 'ಊದಿ ನೋಡಿದ್ದೀನಿ, ದಾರಿ ಚೊಕ್ಕಟ' ಅಂದ. ಊದಿರಲಿಲ್ಲ. ಒರೆಸೋ ಬಟ್ಟೆ ಒಳಗೇ ಕಚ್ಚಿಕೊಂಡಿತ್ತು. ಗುಂಡು ಹಾರಿಸಿದ್ದೇ ನಳಿಗೆ ಆ ಮಗೂ ಮುಖದ ಮುಂದೆ ಸಿಡೀತು."

ಮೇಸ್ತ್ರಿಯ ನಗು ಸ್ವಲ್ಪ ಇಳಿಯಿತು.

"ಆ ಹುಡುಗನ ತಾಯಿ ರಕ್ತ ಆಗಿದ್ದ ಅದೇ ಚಿಂದೀನ ಎಲ್ಲಿಗೋ ತಗೊಂಡು ಹೋದ್ಲು. ಮಂತ್ರ ಹಾಕಿಸಿ, ಕೂದಲು ಸುತ್ತಿ ಗಂಟು ಕಟ್ಟಿಸಿಕೊಂಡು ಬಂದ್ಲು. ಈ ರೈಫಲ್ಲು ಆ ಮೇಸ್ತ್ರಿಯ ಸ್ವಂತದ್ದು. ಇದರ ಬಾಯಿಗೆ ತುರುಕಿದ್ಲು, ನನ್ನ ಕಣ್ಣೆದುರಿಗೇ. 'ಇನ್ನು ಮೇಲೆ ಊದೋರ ಉಸಿರು ಇದರೊಳಗೇ ಉಳೀಲಿ' ಅಂದ್ಲು. ಮಾರನೇ ದಿನ ಮೇಸ್ತ್ರಿ ಈ ಸ್ಟೂಲ್ ಮೇಲೇ ಕೂತಿದ್ದ. ಕಣ್ಣು ಬಿಟ್ಟಿದ್ದ. ಬಾಯಿ ನಳಿಗೆ ಮೇಲಿತ್ತು. ಉಸಿರಿರಲಿಲ್ಲ."

"ಎದೆ ನಿಂತಿರುತ್ತೆ ಬಿಡಿ."

"ನಿಂತಿತ್ತು. ಯಾಕೆ ನಿಂತಿತು ಅಂತ ನಿಮಗೆ ಹೇಳಿದ್ದು." ಸ್ಟೋರಿನಮ್ಮ ಮೆಟ್ಟಿಲು ಹತ್ತಿ ಹೋದಳು.

ಬೇರೆ ದಿನವಾಗಿದ್ದರೆ ಅವನೂ ಆ ರೈಫಲ್ಲಿನ ಗೊಡವೆಗೆ ಹೋಗುತ್ತಿರಲಿಲ್ಲವೇನೋ. ಆದರೆ ಹನ್ನೊಂದು ಗಂಟೆಗೆ ಮಗಳ ಆಯ್ಕೆ ಸ್ಪರ್ಧೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಯಾರೋ ತಗುಲಿ ಅವಳ ರೈಫಲ್ಲಿನ ಮರದ ಹಿಡಿ ಉದ್ದಕ್ಕೂ ಸೀಳಿತ್ತು. ಕ್ಲಬ್ಬಿನ ಉಳಿದ ರೈಫಲ್ಲುಗಳೆಲ್ಲ ಆಗಲೇ ಬೇರೆಯವರ ಹೆಗಲಿಗೇರಿದ್ದವು. ಮುಂದಿನ ಆಯ್ಕೆಯ ಹೊತ್ತಿಗೆ ಅವಳಿಗೆ ವಯಸ್ಸು ಮೀರಿರುತ್ತದೆ. "ಅಪ್ಪ ಇದ್ದಾನಲ್ಲ, ಏನಾದ್ರೂ ಮಾಡ್ತಾನೆ ಬಿಡು" ಎಂದು ಅವಳು ಗೆಳತಿಗೆ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. ಆ ಮಾತು ಕೇಳಿದ ಮೇಲೆ ಯಾವ ಅಪ್ಪ ತಾನೇ ಕೈಕಟ್ಟಿ ಕೂರುತ್ತಾನೆ?

ಬೋಲ್ಟ್ ಕಳಚಿ ಪಕ್ಕಕ್ಕಿಟ್ಟ. ಒಳಗೆ ಗುಂಡಿಲ್ಲವೆಂದು ಎರಡೆರಡು ಸಲ ನೋಡಿದ. ನಳಿಗೆಯನ್ನು ಮೇಜಿಗೆ ಕೂರಿಸಿದ್ದ ವೈಸಿನ ದವಡೆಗೆ ಬಿಗಿದು ಎಣ್ಣೆ ಹನಿಸಿದ. ಬಾಯಾರಿದ ನೆಲ ನೀರು ಕುಡಿದಂತೆ ಅದು ಎಣ್ಣೆ ಕುಡಿಯಿತು. ಅರ್ಧ ಗಂಟೆ ಕಾದು ಹಿತ್ತಾಳೆಯ ಸಲಾಕೆ ಇಳಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಟಕ್. ಟಕ್. ಜಗ್ಗಲಿಲ್ಲ. ಮತ್ತೆ ಎಣ್ಣೆ. ಮತ್ತೆ ಏಟು. ಇಪ್ಪತ್ತನೆಯದೋ ಮೂವತ್ತನೆಯದೋ ಏಟಿಗೆ, ಒಳಗಿನಿಂದ ಯಾರೋ ಹಿಡಿತ ಬಿಟ್ಟಂತೆ, ಸಲಾಕೆ ಸರ್ರನೆ ಒಳಗಿಳಿಯಿತು. ಆಚೆ ತುದಿಯಿಂದ ಕಪ್ಪು ಗಂಟೊಂದು ತೊಪ್ಪನೆ ನೆಲಕ್ಕೆ ಬಿತ್ತು. ಆರು ವರ್ಷದ ಹಳೆಯ ಚಿಂದಿ. ವಾಸನೆ ಮಾತ್ರ ಇವತ್ತಿನ ರಕ್ತದ್ದು.

"ಬಂದೆಯಾ ದಾರಿಗೆ?" ಎಂದ. ವೈಸ್ ಸಡಿಲಿಸಿ, ರೈಫಲ್ಲನ್ನು ಮಡಿಲಿಗೆಳೆದುಕೊಂಡು ಸ್ಟೂಲಿನ ಮೇಲೆ ಕುಳಿತ. ಆಚೆ ತುದಿಗೆ ಅಂಗೈ ಒಡ್ಡಿ, ಈಚೆ ತುದಿಗೆ ತುಟಿಯಿಟ್ಟ. ಊದಿದ ಗಾಳಿ ಅಂಗೈಗೆ ಬಡಿದರೆ ದಾರಿ ಚೊಕ್ಕಟ. ಇಪ್ಪತ್ತಾರು ವರ್ಷ ದಿನವೂ ಮಾಡಿದ ಕೆಲಸ. ಕೈ, ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ. ಸ್ಟೋರಿನಮ್ಮನ ಮಾತು ನೆನಪಾಗುವಷ್ಟರಲ್ಲಿ ಊದಿಯಾಗಿತ್ತು.

ಅಂಗೈಗೆ ಗಾಳಿ ಬಡಿಯಲಿಲ್ಲ.

ನಳಿಗೆ ಎಳೆದುಕೊಂಡಿತು. ಎಷ್ಟೋ ಹೊತ್ತು ನೀರಿನಡಿ ಇದ್ದವನು ಮೇಲೆದ್ದು ಮೊದಲ ಉಸಿರು ಎಳೆಯುವ ಹಾಗೆ. ಎದೆಯಲ್ಲಿದ್ದದ್ದೆಲ್ಲ ಹೋಯಿತು. ಹಿಂದೆಯೇ ಅವನೂ ಹೋದ. ಆ ಇಕ್ಕಟ್ಟಿನಲ್ಲಿ ಯಾರೋ ಎದುರಾದರು. ಭುಜಕ್ಕೆ ಭುಜ ಉಜ್ಜಿ, ಬಿಕ್ಕುತ್ತಾ ಆಚೆಗೆ ನುಸುಳಿಹೋದರು. ಹಳೆಯ ಮೇಸ್ತ್ರಿ.

ಆಮೇಲೆ ಕತ್ತಲೆ.

ಕಬ್ಬಿಣದ ರುಚಿ. ಎಣ್ಣೆಯ ಜಿಗುಟು. ನಳಿಗೆಯ ಸುರುಳಿ ಗೆರೆಗಳು ಪಕ್ಕೆಲುಬಿಗೆ ಒತ್ತಿಕೊಂಡಿದ್ದವು. ಕೈ ಚಾಚಲು ಜಾಗವಿಲ್ಲ. ದೂರದಲ್ಲಿ ಬಟಾಣಿಯಷ್ಟು ಬೆಳಕು. ಅದರತ್ತ ತೆವಳಿದರೆ ಸುರುಳಿ ಅವನನ್ನು ತಿರುಚಿ ಮತ್ತೆ ಇದ್ದಲ್ಲಿಗೇ ತಂದುಬಿಡುತ್ತಿತ್ತು. ಇನ್ನೊಂದು ತುದಿಯಲ್ಲಿ ತೆರೆದ ಬಾಯೊಂದು ಕಾಣುತ್ತಿತ್ತು. ಎಡಗಡೆ ಮುರಿದ ದವಡೆಹಲ್ಲು. ಅದು ಅವನದೇ ಬಾಯಿ.

ಉಸಿರಿರಲಿಲ್ಲ. ಉಸಿರಿಲ್ಲದಿದ್ದರೂ ಸಾವು ಬರಲಿಲ್ಲ. ಉಸಿರು ಬೇಕೆಂಬ ಒದ್ದಾಟವೊಂದೇ ಉಳಿದಿತ್ತು.

ಬಾಗಿಲು ಕಿರುಗುಟ್ಟಿತು.

"ಅಪ್ಪಾ, ಆಯ್ತಾ? ಹತ್ತೂ ಮುಕ್ಕಾಲು. ನನ್ನ ಕೈ ನೋಡು, ಐಸಾಗಿದೆ." ಮಗಳ ದನಿ. "ಏನಪ್ಪಾ, ಕೂತಲ್ಲೇ ನಿದ್ದೆ ಹೊಡೀತಿದ್ದೀಯಾ? ಅಮ್ಮಂಗೆ ಹೇಳ್ತೀನಿ ತಾಳು."

ತೆರೆದ ಬಾಯಿ ಪಕ್ಕಕ್ಕೆ ವಾಲಿ ಮಾಯವಾಯಿತು. ರೈಫಲ್ ಅವಳ ಕೈಗೆ ಬಂದಿತ್ತು.

"ಅಪ್ಪಾ? ಅಪ್ಪಾ, ಆಟ ಆಡಬೇಡ. ಎದ್ದೇಳೋ... ಅಪ್ಪಾ!"

ಓಡು ಎಂದು ಕೂಗಬೇಕು. ಉಸಿರಿಲ್ಲದೆ ಕೂಗು ಎಲ್ಲಿಂದ ಬರಬೇಕು? ಉಗುರಿನಿಂದ ಕಬ್ಬಿಣವನ್ನು ಕುಟ್ಟಿದ. ಟಿಕ್. ಟಿಕ್ ಟಿಕ್. ಬಿಸಾಡು. ಹೋಗು.

ಅಳು ನಿಂತಿತು. ಬೆಳಕು ಮುಚ್ಚಿತು. ಅವಳು ನಳಿಗೆಗೆ ಕಿವಿಯಿಟ್ಟಿದ್ದಳು.

ಕುಟ್ಟುವುದನ್ನು ಅವನು ನಿಲ್ಲಿಸಿದ. ಹೊತ್ತು ಮೀರಿತ್ತು. ಕಿವಿ ಸರಿಯಿತು. ತುಟಿ ಬಂತು.

"ಅಪ್ಪಾ, ಒಳಗಿದ್ದೀಯಾ?"

ಮಾತಿನ ಜೊತೆ ಉಸಿರು ಬಂತು. ಬೆಚ್ಚಗೆ, ಒದ್ದೆಯಾಗಿ, ಟೂತ್‌ಪೇಸ್ಟಿನ ವಾಸನೆ ಹೊತ್ತು. ಬೇಡ. ಹಲ್ಲು ಕಚ್ಚಿದ. ಮೂಗು ಮುಚ್ಚಿದ. ನನ್ನ ಮಗು. ಬೇಡ. ಎದೆ ಅವನ ಮಾತು ಕೇಳಲಿಲ್ಲ. ಬಾಯಿ ತಾನೇ ತೆರೆಯಿತು.

ಎಳೆದುಕೊಂಡ.

ಇಕ್ಕಟ್ಟಿನಲ್ಲಿ ಅವಳು ಎದುರಾದಳು. ಕಣ್ಣಿಗೆ ಕಣ್ಣು. ತಬ್ಬಿ ಹಿಡಿಯಲು ಹೋದ. ಹೊರಕ್ಕೆ ಹಾಕಿ ತಾನು ಉಳಿಯಲು ಹೋದ. ಅವಳ ಅಂಗೈ ಅವನ ಎದೆಗೆ ಬಿತ್ತು. ಎಲ್ಲ ಅರ್ಥವಾದವಳ ಹಾಗೆ, ಬಲವಾಗಿ, ಅವನನ್ನು ಆಚೆಗೆ ನೂಕಿತು.

ಸ್ಟೂಲಿನಿಂದ ಉರುಳಿ ನೆಲಕ್ಕೆ ಬಿದ್ದ. ಕೆಮ್ಮಿದ. ಗಾಳಿ, ಬೆಳಕು, ಗ್ರೀಸಿನ ವಾಸನೆ. ಪಕ್ಕದಲ್ಲಿ ಮಗಳು ಮಂಡಿಯೂರಿ ಕುಳಿತಿದ್ದಳು. ತುಟಿ ನಳಿಗೆಯ ಮೇಲೆ. ಕಣ್ಣು ತೆರೆದೇ ಇದ್ದವು. ರೆಪ್ಪೆ ಬಡಿಯಲಿಲ್ಲ.

ಅವನು ಅಳಲಿಲ್ಲ. ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಒಳಗೆ ಹೋಗುವ ದಾರಿ ಈಗ ಅವನಿಗೆ ಗೊತ್ತಿತ್ತು: ಒಳಗಿದ್ದವರು ಉಸಿರು ಎಳೆದುಕೊಂಡರೆ ಊದಿದವನು ಒಳಕ್ಕೆ, ಅವರು ಹೊರಕ್ಕೆ. ಅವಳ ತುಟಿಯಿಂದ ನಳಿಗೆ ಬಿಡಿಸಿಕೊಂಡು ತನ್ನ ಬಾಯಿಗಿಟ್ಟ. ಆಚೆ ತುದಿಗೆ ಅಂಗೈ. ಎದೆ ತುಂಬ ಎಳೆದುಕೊಂಡು ಊದಿದ. ತಗೋ.

ಅಂಗೈಗೆ ಗಾಳಿ ಬಡಿಯಿತು.

ಮತ್ತೆ ಊದಿದ. ಕತ್ತಿನ ನರ ಉಬ್ಬಿದವು. ಮತ್ತೆ ಗಾಳಿ, ಒಂದು ಚೂರೂ ಕಡಿಮೆಯಾಗದೆ, ಅಂಗೈಗೆ. ಸದ್ದು ಕೇಳಿ ಇಳಿದುಬಂದ ಸ್ಟೋರಿನಮ್ಮ ಬಾಗಿಲಲ್ಲೇ ಗೋಡೆ ಹಿಡಿದು ಕುಸಿದಳು. "ಮೇಸ್ತ್ರೀ... ಏನು ಮಾಡಿದ್ರಿ ಮೇಸ್ತ್ರೀ..."

ಅವನಿಗೆ ಕೇಳಿಸಲಿಲ್ಲ. ನಳಿಗೆಗೆ ಕಿವಿಯಿಟ್ಟಿದ್ದ. ಒಳಗೆ ನಿಶ್ಶಬ್ದ. ಆದರೆ ಅದು ಖಾಲಿ ನಿಶ್ಶಬ್ದವಲ್ಲ. ಬಂದೂಕಿನ ಕುದುರೆ ಎಳೆಯುವ ಮುಂಚಿನ ಆ ಕ್ಷಣದಲ್ಲಿ, ಕೆನ್ನೆಯನ್ನು ಮರಕ್ಕೊತ್ತಿ, ಗುರಿಯ ಮೇಲೆ ಕಣ್ಣಿಟ್ಟು, ಅವಳು ನಿಲ್ಲುತ್ತಿದ್ದ ನಿಶ್ಶಬ್ದ. ನಾಲ್ಕು ವರ್ಷ ದಿನವೂ ಕಲಿತದ್ದು. ಉಸಿರು ಬಿಗಿಹಿಡಿಯುವುದು.

"ಪುಟ್ಟೀ," ಎಂದ ನಳಿಗೆಯೊಳಕ್ಕೆ. "ಎಳ್ಕೋ ಪುಟ್ಟೀ. ಒಂದೇ ಒಂದು ಸಲ. ಅಪ್ಪ ಹೇಳ್ತಿದ್ದೀನಿ ಕಣೇ, ಎಳ್ಕೋ."

ಅವನ ಮಾತೆಲ್ಲ ಬೆಚ್ಚಗೆ ಅಂಗೈಗೆ ಬಂದು ಬಿತ್ತು. ಅದರಲ್ಲಿ ಒಂದು ತುಣುಕನ್ನೂ ಅವಳು ಮುಟ್ಟಿರಲಿಲ್ಲ.