ಮ್ಯಾಗ್ನೆಟ್ ಅಂಟದ ಜಾಗ

ನಮ್ಮ ಶೆಡ್ಡಿಗೆ ಕಾಲಿಟ್ಟವನು ಮೊದಲು ನನ್ನ ಮುಖ ನೋಡಲಿಲ್ಲ, ಕಾರಿನ ಮುಖವನ್ನೂ ನೋಡಲಿಲ್ಲ. ಗೋಡೆ ನೋಡಿದ. ಅಂಗೈಯಲ್ಲಿ ಒರೆಸಿ, ಒದ್ದೆಯಾದ ಕೈಯನ್ನು ನನ್ನತ್ತ ಹಿಡಿದು, "ಇದೇನ್ರೀ, ಗೋಡೆ ಬೆವರ್ತಿದೆ?" ಅಂದ.

"ಆ ಕಡೆ ನಮ್ಮ ಡ್ರೈಕ್ಲೀನಿಂಗ್ ಅಂಗಡಿಯ ಬಾಯ್ಲರ್ ಇದೆ. ಹಬೆ ಬರುತ್ತೆ. ಕಾರು ಬೆಚ್ಚಗಿರ್ಲಿ ಅಂತ ಅಪ್ಪ ಇಲ್ಲೇ ನಿಲ್ಲಿಸಿದ್ರು."

"ಬೆಚ್ಚಗೆ!" ಅಂದವನೇ ಕಣ್ಣು ಮುಚ್ಚಿಕೊಂಡ. ಹತ್ತಿರದವರು ಯಾರೋ ಹೋದ ಸುದ್ದಿ ಕೇಳಿದವನ ಮುಖ ಅದು. "ವರ್ಷಗಟ್ಟಲೆ ಹಬೆ ಕುಡಿಸಿದ್ದೀರಿ. ಇನ್ನೇನು ಉಳಿದಿರುತ್ತೆ ಇದರಲ್ಲಿ?"

ನನಗೆ ಆಗಲೇ ಸಿಟ್ಟು ಬಂತು. ಕರೆಸಿದ್ದು ಬೆಲೆ ಕಟ್ಟೋಕೆ, ತಿಥಿ ಮಾಡೋಕಲ್ಲ.

ಕಾರು ಇಟಲಿಯದು. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕೂಪೆ, ಕಡುಗೆಂಪು ಬಣ್ಣ, ನನಗಿಂತ ವಯಸ್ಸಲ್ಲಿ ದೊಡ್ಡದು. ಯಾರದೋ ಹಿತ್ತಲಲ್ಲಿ ಕೊಳೆಯುತ್ತಿದ್ದದ್ದನ್ನು ಅಪ್ಪ ತಂದು, ತುಕ್ಕು ತಿಂದ ತೂತಿಗೆಲ್ಲ ಗಟ್ಟಿಯಾಗೋ ಪೇಸ್ಟ್ ಮೆತ್ತಿ, ಬಣ್ಣ ಹೊಡೆದು, ದಿನಾ ಒರೆಸುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ಅಮ್ಮ ಅದನ್ನು "ನನ್ನ ಸವತಿ" ಅಂತಲೇ ಕರೆಯುತ್ತಿದ್ದಳು. ಅಪ್ಪ ಹೋದ ಮೇಲೆ ಶೆಡ್ಡಿನ ಹತ್ತಿರವೂ ಸುಳಿದವಳಲ್ಲ. ಹೊಸ ಬಾಯ್ಲರಿಗೆ ಜಾಗ ಬೇಕಾದಾಗ ಒಂದೇ ಮಾತು ಹೇಳಿದಳು: "ಮಾರು ಮಗಳೇ. ಆದ್ರೆ ನೀನು ಅದರೊಳಗೆ ಕೂರಬೇಡ. ನಿಮ್ಮಪ್ಪ ಬೀದಿ ಕೊನೆವರೆಗೂ ಓಡಿಸಿ ವಾಪಸ್ ತರ್ತಿದ್ರು. ಬೆಟ್ಟದ ಇಳಿಜಾರಿಗೆ ಒಂದು ದಿನವೂ ಇಳಿಸ್ಲಿಲ್ಲ. ಯಾಕೆ ಅಂತ ಕೇಳೋಕೆ ನನಗೆ ಧೈರ್ಯ ಬರ್ಲಿಲ್ಲ."

ಶೆಡ್ಡಿಗೆ ಬಂದವನ ಕೆಲಸವೇ ಇದು. ಇಂಥ ಅನಾಥ ಇಟಲಿ ಗಾಡಿಗಳನ್ನು ಹುಡುಕಿಕೊಂಡು ಊರೂರು ಅಲೆಯೋದು, ಬೆಲೆ ಕಟ್ಟೋದು, ಕೊಳ್ಳೋದು. ಜೇಬಿನಿಂದ ಒಂದು ಬಿಳಿ ಕಾಲುಚೀಲ ತೆಗೆದ. ಅದರೊಳಗೆ ಮ್ಯಾಗ್ನೆಟ್. ಬಣ್ಣಕ್ಕೆ ಗೀರು ಬೀಳಬಾರದಲ್ಲ. ಕಬ್ಬಿಣ ಇರೋ ಕಡೆ ಕಚ್ಚಿಕೊಳ್ಳುತ್ತೆ, ಬರೀ ಪೇಸ್ಟ್ ಇರೋ ಕಡೆ ಜಾರುತ್ತೆ. ಬಾನೆಟ್ಟಿಗೆ ಅಂಟಿತು. ಬಾಗಿಲಿಗೂ ಅಂಟಿತು. ಬಾಗಿಲ ಕೆಳಗಿನ ಪಟ್ಟಿಗೆ ಇಟ್ಟ ಕೂಡಲೇ ಟಪ್ ಅಂತ ಅವನ ಅಂಗೈಗೆ ಬಿತ್ತು.

"ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು," ಅಂದ.

"ಕಾರಿಗೆ ಹೇಳಿದ್ರೋ, ನನಗೋ?"

ಆಗ ಮೊದಲ ಸಲ ನನ್ನನ್ನು ನೋಡಿದ. ಬಾಯಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ಇತ್ತು. ಅಯ್ಯೋ, ಆ ಕಣ್ಣು! ರೆಪ್ಪೆ ಮೇಲೆ ಶೆಡ್ಡಿನ ಧೂಳು ಕೂತಿತ್ತು. ಒರೆಸಿಬಿಡೋಣ ಅನ್ನಿಸಿ ನನ್ನ ಕೈಯನ್ನು ನಾನೇ ಹಿಂದಕ್ಕೆ ಕಟ್ಟಿಕೊಂಡೆ.

ಅವನು ಹೇಳಿದ ಬೆಲೆ ಕೇಳಿ ನಾನು ಮೂಗು ಮುರಿದೆ. ನಾನು ಹೇಳಿದ್ದು ಕೇಳಿ ಅವನು ಬ್ಯಾಗ್ ಹೆಗಲಿಗೇರಿಸಿದ. ಆದರೆ ಮುಂದಿನ ವಾರ ಮತ್ತೆ ಬಂದ. ಅದರ ಮುಂದಿನ ವಾರವೂ. ಬಂದಾಗಲೆಲ್ಲ ಒಂದು ಹೊಸ ಹುಳುಕು. ಸೀಟಿನ ಹೊಲಿಗೆ ಸರಿಯಿಲ್ಲ. ಗಡಿಯಾರ ಬೇರೆ ಗಾಡಿದು. ಬಂಪರ್ ನಕ್ಕ ಹಾಗಿದೆ. ಕಾರು ಮುಗಿದ ಮೇಲೆ ನನ್ನ ಸರದಿ. ಕಾಫಿ ತೆಳು. ಅಂಗಡಿ ಬೋರ್ಡು ಸೊಟ್ಟ. ಇಸ್ತ್ರಿಯ ಮಡಿಕೆಯೂ ಸೊಟ್ಟ.

"ನಿಮ್ಮ ಬಾಯಲ್ಲಿ ಒಂದಾದ್ರೂ ಒಳ್ಳೇ ಮಾತು ಬರುತ್ತೇನ್ರೀ, ಮ್ಯಾಗ್ನೆಟ್ಟೂ?" ಅಂತ ಒಂದು ದಿನ ಕೇಳಿಯೇಬಿಟ್ಟೆ. ನಾನು ಇಟ್ಟ ಹೆಸರು ಅದು.

"ದೊಡ್ಡಪ್ಪ ಕಲಿಸಿದ ವ್ಯಾಪಾರ," ಅಂದ. "ಕೊಳ್ಳೋ ಗಾಡಿನ ಮಾಲೀಕರ ಮುಂದೆ ಹೊಗಳಬಾರದು. ಇಷ್ಟ ಆದಷ್ಟೂ ಜಾಸ್ತಿ ಬೈಬೇಕು."

"ಹಾಗಾದ್ರೆ ನನ್ನ ಕಾಫಿ?"

ಅವನ ಕಿವಿ ಕೆಂಪಾಯಿತು. ಲೋಟದಲ್ಲಿ ಏನೂ ಉಳಿದಿರಲಿಲ್ಲ, ಆದರೂ ಎತ್ತಿ ಕುಡಿದ.

ಅವತ್ತು ಸಂಜೆ ನಾನು ಯಾರದೋ ರೇಷ್ಮೆ ಅಂಗಿ ಸುಟ್ಟುಹಾಕಿದೆ. ಅಮ್ಮ ಮೂಸಿ ನೋಡಿ, "ಏನೋ ಸುಡ್ತಿದೆ, ಅಂಗಿ ಒಂದೇ ಅಲ್ಲ," ಅಂದಳು. ಅವಳು ನಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಎಂಜಿನ್ನಿಗೆ ಜೀವ ತುಂಬಿದ. ಎಷ್ಟೋ ಕಾಲ ಬಾಯಿ ಮುಚ್ಚಿದ್ದ ಗಾಡಿ ಕೆಮ್ಮಿ, ಹೊಗೆ ಕಾರಿ, ಗುಡುಗಿತು. ನಾನು ಚಪ್ಪಾಳೆ ತಟ್ಟಿ ಕುಣಿದೆ. ಅವನು ಮಾತ್ರ ಕಿವಿಗೊಟ್ಟು ನಿಂತಿದ್ದ. ಗುಡುಗಿನ ಕೆಳಗೆ ಇನ್ನೊಂದು ಸದ್ದಿತ್ತು. ಒಳಗೆಲ್ಲೋ ಏನೋ ಕಿರ್ ಕಿರ್ ಅಂತ ಹಲ್ಲು ಕಡಿಯುತ್ತಿತ್ತು. ನನಗೂ ಕೇಳಿಸಿತು. ಕೇಳಿಸಲಿಲ್ಲ ಅಂದುಕೊಂಡೆ.

"ಇನ್ನೊಬ್ಬರು ಫೋನ್ ಮಾಡಿದ್ರು," ಅಂದೆ, ಅವನನ್ನು ಉರಿಸೋಕೆ. "ಬೆಟ್ಟದ ಕೆಳಗಿನ ಶೋರೂಮಿನವರು. ಎಳ್ಕೊಂಡು ಹೋಗೋ ಗಾಡಿಗೆ ಒಂದು ಬೆಲೆ, ತಾನಾಗಿ ಓಡಿ ಬಂದ ಗಾಡಿಗೆ ಇನ್ನೊಂದು ಬೆಲೆಯಂತೆ. ನಾಳೆ ಬೆಳಿಗ್ಗೆ ನಾನೇ ಇಳಿಸ್ಕೊಂಡು ಹೋಗ್ತೀನಿ."

ಅವನು ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಿದ. ತುಂಬಾ ಹೊತ್ತು ಬರಲೇ ಇಲ್ಲ. ಬಂದಾಗ ಮುಖದಲ್ಲಿ ರಕ್ತ ಇರಲಿಲ್ಲ.

"ಇದನ್ನ ಓಡಿಸಬೇಡಿ."

"ಶುರುವಾಯ್ತು!"

"ತಮಾಷೆ ಅಲ್ಲ ಕಣ್ರೀ. ಸ್ಟೀರಿಂಗನ್ನ ಚಕ್ರಕ್ಕೆ ಜೋಡಿಸೋ ಬಾಕ್ಸ್ ಕೂತಿರೋ ಕಡೆ ತಗಡೇ ಇಲ್ಲ. ತುಕ್ಕು ತಿಂದು ಮುಗಿಸಿದೆ. ಬರೀ ಪೇಸ್ಟು, ಮೇಲೆ ಬಣ್ಣ. ತಿರುವಲ್ಲಿ ಜೋರಾಗಿ ತಿರುಗಿಸಿದ್ರೆ ಬಾಕ್ಸ್ ಕಿತ್ಕೊಂಡು ಬರುತ್ತೆ. ಆಮೇಲೆ ಚಕ್ರ ನಿಮ್ಮ ಮಾತು ಕೇಳಲ್ಲ. ಬನ್ನಿ, ನೀವೇ ನೋಡಿ."

ಬಗ್ಗಿ ನೋಡಿದೆ. ಅಪ್ಪ ಹೊಡೆದ ಕಪ್ಪು ಬಣ್ಣ ಗಟ್ಟಿಯಾಗಿ, ನುಣ್ಣಗೆ ಕಂಡಿತು.

"ಚೆನ್ನಾಗೇ ಇದೆಯಲ್ರೀ."

"ಸ್ಕ್ರೂಡ್ರೈವರಲ್ಲಿ ಚುಚ್ಚಿ ತೋರಿಸ್ತೀನಿ. ಒಂದೇ ಸಲ."

"ತೂತು ಮಾಡಿದ್ರೆ ಬೆಲೆ ಇನ್ನೂ ಇಳಿಯುತ್ತೆ ಅಲ್ವಾ? ಆಮೇಲೆ ಶೋರೂಮಿನವರು ಮುಟ್ಟಲ್ಲ, ನಿಮಗೇ ಕೊಡಬೇಕು. ಕೈ ತೆಗೀರಿ!"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಆ ಮುಖ ನೋಡಿ ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಬಾಯಿ ನನ್ನದು, ಸುಮ್ಮನಿರಬೇಕಲ್ಲ?

"ಇಷ್ಟು ವಾರ ನಕ್ಕಿದ್ದು, ಮಾತಾಡಿದ್ದು, ಎಲ್ಲ ಈ ಗಾಡಿಗೋಸ್ಕರವೇ ತಾನೇ? ಬಾಯಿ ಬಿಟ್ರೆ ಹುಳುಕು ಹೇಳೋರು ನೀವು. ಇವತ್ತು ಮಾತ್ರ ನಿಜ ಹೇಳ್ತಿದ್ದೀರಿ ಅಂತ ನನಗೆ ಹೇಗ್ರೀ ಗೊತ್ತಾಗ್ಬೇಕು?"

ಇಷ್ಟು ದಿನ ಆಡಿದ ಸುಳ್ಳು ಬೈಗುಳವೆಲ್ಲ ಈಗ ಅವನ ನಿಜಕ್ಕೇ ಅಡ್ಡ ನಿಂತಿತ್ತು. ಬ್ಯಾಗ್ ಎತ್ತಿಕೊಂಡು ಹೊರಟುಹೋದ.

ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಅಮ್ಮ ಅಂಗಡಿ ಬಾಗಿಲಲ್ಲಿ ನಿಂತು, "ಬೇಡ ಮಗಾ," ಅಂದಳು. ಅವಳು ರೇಗಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅಂಗಡಿ ವ್ಯಾನ್ ದಿನಾ ಓಡಿಸೋಳು ನಾನು, ಇದೇನು ಮಹಾ ಅಂತ ನನಗೆ ನಾನೇ ಹೇಳಿಕೊಂಡು ಗಾಡಿ ಹೊರಗೆ ತಂದೆ. ಒಳಗೆಲ್ಲ ಹಳೇ ಪೆಟ್ರೋಲು, ಮುಗ್ಗಲು ವಾಸನೆ.

ಗೇಟಿನ ಹತ್ತಿರ ಅವನು ನಿಂತಿದ್ದ.

"ದಾರಿ ಬಿಡಿ," ಅಂದೆ.

ಬಿಟ್ಟ. ಸುತ್ತಿಕೊಂಡು ಬಂದು ಆ ಕಡೆ ಬಾಗಿಲು ತೆಗೆದು ನನ್ನ ಪಕ್ಕ ಕೂತ.

"ಇದೇನ್ರೀ ಇದು?"

"ನಡೀರಿ. ನಿಮ್ಮ ಗಾಡಿ, ನಿಮ್ಮ ಹಟ. ಗಾಡಿ ಓಡದ ಹಾಗೆ ರಾತ್ರೋರಾತ್ರಿ ವೈರ್ ಕಿತ್ತಿಡೋ ಕಳ್ಳ ನಾನಲ್ಲ. ಮಾತಲ್ಲಿ ನಂಬ್ಸೋ ಯೋಗ್ಯತೆ ಕಳ್ಕೊಂಡಿದ್ದೀನಿ. ಜೊತೆಗೆ ಬರೋದೊಂದು ಉಳಿದಿದೆ."

"ನಾಟಕ ಆಡ್ಬೇಡಿ. ಇಳೀರಿ."

"ಇಳಿಯಲ್ಲ."

ಸಿಟ್ಟಲ್ಲಿ ಗೇರ್ ಹಾಕಿದೆ. ಬೀದಿ ನೆಟ್ಟಗಿತ್ತು, ಗಾಡಿ ಚೆನ್ನಾಗಿಯೇ ಓಡಿತು. ಮುಚ್ಚಿದ ಅಂಗಡಿಗಳು, ಬೇಕರಿಯ ದೀಪ, ಎದುರಿಗೆ ಬೀದಿ ಕೊನೆಯ ಜಲ್ಲಿ ರಾಶಿ. ಅದರಾಚೆ ಇಳಿಜಾರು ಶುರು. ಅಲ್ಲಿಂದ ಮುಂದೆ ತಿರುವಿನ ಮೇಲೆ ತಿರುವು, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಮಂಜಲ್ಲಿ ಆ ಏನೂ ಇಲ್ಲದ್ದು ಬೆಳ್ಳಗೆ ಕಾಣುತ್ತಿತ್ತು. ಕಾಲ ಕೆಳಗೆ ಆ ಕಿರ್ ಕಿರ್ ಸದ್ದು ಜೋರಾಯಿತು.

ಪಕ್ಕಕ್ಕೆ ತಿರುಗಿದೆ. ಅವನು ರಸ್ತೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ಆ ಚಳಿಯಲ್ಲೂ ಹಣೆ ಬೆವರಿತ್ತು. ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು, ಆದರೆ ಎಳೆದಿರಲಿಲ್ಲ. ನಾನಾಗಿ ನಿಲ್ಲಿಸಲಿ ಅಂತ ಕಾಯುತ್ತಿದ್ದ.

ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಗಾಡಿ ನಿಧಾನವಾಯಿತು. ರಸ್ತೆ ಪಕ್ಕಕ್ಕೆ ಹಾಕೋಣ ಅಂತ ಸ್ಟೀರಿಂಗ್ ಪೂರ್ತಿ ತಿರುಗಿಸಿದೆ.

ಕಟಕ್.

ಸ್ಟೀರಿಂಗ್ ನನ್ನ ಕೈಯಲ್ಲಿ ಸಡಿಲವಾಗಿ ಹೊರಳಿತು. ಎಡಕ್ಕೆ ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ನೇರ ಹೋಯಿತು. ಅವನು ಹ್ಯಾಂಡ್‌ಬ್ರೇಕ್ ಎಳೆದ, ನಾನು ಕಿರುಚುತ್ತಾ ಬ್ರೇಕ್ ತುಳಿದೆ. ಮೂತಿ ಜಲ್ಲಿ ರಾಶಿಯ ಅಂಚಿಗೆ ನುಗ್ಗಿ ನಿಂತಿತು. ಬಾನೆಟ್ಟಿನ ಮೇಲೆ ಕಲ್ಲು ಉರುಳಿ ಬಿದ್ದವು. ನಾಲ್ಕು ಮಾರು ಮುಂದೆ ಹೋಗಿದ್ದರೆ ಮೊದಲ ತಿರುವು.

ಎಂಜಿನ್ ತಾನಾಗಿ ಸತ್ತಿತು. ನನ್ನ ಬೆರಳು ಸ್ಟೀರಿಂಗ್ ಬಿಡಲೇ ಇಲ್ಲ. ಅವನು ಒಂದೊಂದೇ ಬೆರಳು ಬಿಡಿಸಿ, ಎರಡೂ ಕೈಯನ್ನು ತನ್ನ ಕೈಯೊಳಗಿಟ್ಟುಕೊಂಡ. ಅವನ ಕೈ ನನ್ನದಕ್ಕಿಂತ ತಣ್ಣಗಿತ್ತು. ಮಂಜಿನೊಳಗಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಬೆಟ್ಟ ಹತ್ತಿ ಬಂದು, ನಮ್ಮ ಪಕ್ಕದಲ್ಲೇ ಹಾದುಹೋಯಿತು. ಇಡೀ ಗಾಡಿ ಅಲುಗಾಡಿತು.

"ಕೊನೆಗೂ ನಂಬಿದ್ರಲ್ಲ," ಅಂದ.

"ಇಲ್ಲ."

"ಮತ್ಯಾಕೆ ನಿಲ್ಲಿಸಿದ್ರಿ?"

"ನೀವು ಸುಳ್ಳು ಹೇಳ್ತಿದ್ದೀರಿ ಅಂತಲೇ ಅಂದ್ಕೊಂಡಿದ್ದೆ. ಇಲ್ಲಿವರೆಗೂ ಹಾಗೇ ಅಂದ್ಕೊಂಡಿದ್ದೆ." ಅಳು ನುಗ್ಗಿ ಬರುತ್ತಿತ್ತು, ತಡೆಯಲಿಲ್ಲ. "ಅಪ್ಪಿತಪ್ಪಿ ನಿಜ ಆಗಿದ್ರೆ ಅಂತ ಒಂದು ಗಳಿಗೆ ಅನ್ನಿಸ್ತು. ನಾನೊಬ್ಬಳೇ ಇದ್ದಿದ್ರೆ ಆಗಿದ್ದಾಗಲಿ ಅಂತ ಇಳಿದೇ ಬಿಡ್ತಿದ್ದೆ. ಪಕ್ಕದಲ್ಲಿ ನೀವಿದ್ರಿ. ನಿಮಗೇನಾದ್ರೂ ಆದ್ರೆ ನಾನು ಬದುಕ್ಲಾ? ನಿಮ್ಮನ್ನ ಕಂಡ್ರೆ ನನಗೆ ಪ್ರಾಣ ಕಣ್ರೀ."

ಅವನು ನನ್ನ ಕೈಗಳನ್ನು ತನ್ನ ಹಣೆಗೆ ಒತ್ತಿಕೊಂಡ. ಹಾಗೇ, ಮುಖ ಎತ್ತದೆ, ಅಂದ:

"ಅದೊಂದನ್ನ ನಂಬ್ಕೊಂಡೇ ನಾನು ಹತ್ತಿದ್ದು."